ಮಡಿಲಿಗಿಂತ ಭದ್ರವಾದ ಜಾಗ: ಕಾರಿನಲ್ಲಿ ಮಕ್ಕಳ ಆಸನವನ್ನು ಆರಿಸುವ ಮತ್ತು ಬಿಗಿಯುವ ಬಗೆ

ಜೀರಹಳ್ಳಿಯಿಂದ ಹೊರಟ ಪಯಣವು ಕಾಡನ್ನಾಗಲಿ ಗಡಿಯನ್ನಾಗಲಿ ದಾಟದೆ ಬಹುದೂರ ಸಾಗುವುದಿಲ್ಲ. ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ಹಾಸನೂರನ್ನು ಹಾದು, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಬಣ್ಣಾರಿಯ ಮೂಲಕ ಸತ್ಯಮಂಗಲವನ್ನು ಸೇರಬೇಕು. ಚಾಮರಾಜನಗರಕ್ಕೆ ಹೋಗುವುದಾದರೆ ರಾಜ್ಯದ ಗಡಿಯನ್ನೇ ದಾಟಬೇಕು. ಮಗುವಿಗೆ ಜ್ವರ ಏರಿದಾಗ ದೊಡ್ಡ ಆಸ್ಪತ್ರೆಗೆ, ಹರಕೆ ತೀರಿಸಲು ಬಣ್ಣಾರಿ ಅಮ್ಮನ ಗುಡಿಗೆ, ಮುಡಿ ಕೊಡಲು ಮಲೆ ಮಹದೇಶ್ವರ ಬೆಟ್ಟಕ್ಕೆ, ಸೋದರಮಾವನ ಮನೆಯ ಮದುವೆಗೆ, ಹೀಗೆ ತಾಳವಾಡಿ ಬೆಟ್ಟದ ಸೀಮೆಯ ಮಕ್ಕಳು ಹುಟ್ಟಿದ ವರ್ಷದಿಂದಲೇ ರಸ್ತೆಯ ಪ್ರಯಾಣಿಕರು.

ಆ ಪ್ರಯಾಣದ ಚಿತ್ರವೂ ನಮಗೆಲ್ಲ ಪರಿಚಿತವಾದುದೇ. ಕಾರಿನ ಮುಂದಿನ ಆಸನದಲ್ಲಿ ತಾಯಿ, ಅವಳ ಮಡಿಲಲ್ಲಿ ಕೂಸು. ಹಿರಿಯ ಮಗು ಮುಂದಿನ ಎರಡು ಆಸನಗಳ ನಡುವೆ ನಿಂತು ದಾರಿ ನೋಡುತ್ತಿರುತ್ತದೆ. ಹಿಂದೆ ಅಜ್ಜಿ, ಅತ್ತೆ, ಬುತ್ತಿಯ ಚೀಲ. ಎಲ್ಲರೂ ಮಗುವನ್ನು ಹಿಡಿದುಕೊಂಡೇ ಇರುತ್ತಾರೆ, ಆದರೆ ಮಗುವನ್ನು ಯಾವುದೂ ಕಟ್ಟಿ ಹಿಡಿದಿರುವುದಿಲ್ಲ. ಈ ಲೇಖನದ ವಿಷಯ ಆ ಒಂದು ವ್ಯತ್ಯಾಸ. ಮಕ್ಕಳ ಆಸನ, ಬೂಸ್ಟರ್ ಎಂದು ಕರೆಯಲಾಗುವ ಸಾಧನಗಳು ಏಕೆ ಬೇಕು, ಬೆಳೆಯುವ ಮಗುವಿಗೆ ಯಾವಾಗ ಯಾವುದು ತಕ್ಕುದು, ಅದನ್ನು ಹೇಗೆ ಬಿಗಿಯಬೇಕು, ಆಸನವೇ ಇಲ್ಲದಾಗ ಏನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ. ಇವುಗಳ ಬಳಕೆಯ ಸೂಚನೆಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುವುದರಿಂದ, ಗಡಿನಾಡಿನ ಕನ್ನಡ ಓದುಗರಿಗೆ ಈ ವಿವರಣೆ ಉಪಯುಕ್ತವಾದೀತು.

ಮಡಿಲಿನ ಲೆಕ್ಕ

ಹೆತ್ತವಳ ತೋಳಿಗಿಂತ ಭದ್ರವಾದ ಸ್ಥಳ ಮಗುವಿಗೆ ಬೇರೊಂದಿಲ್ಲವೆಂಬುದು ನಮ್ಮ ನಂಬಿಕೆ. ನೆಲದ ಮೇಲೆ ಅದು ನಿಜ. ಚಲಿಸುವ ವಾಹನದೊಳಗೆ ಮಾತ್ರ ಅದು ನಿಜವಲ್ಲ. ಕಾರಣ ಪ್ರೀತಿಯ ಕೊರತೆಯಲ್ಲ, ಭೌತಶಾಸ್ತ್ರದ ಲೆಕ್ಕ.

ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ ಎನ್ನೋಣ. ಒಳಗಿರುವ ಮಗುವೂ ಅದೇ ವೇಗದಲ್ಲಿ ಸಾಗುತ್ತಿರುತ್ತದೆ. ಕಾರು ಮರಕ್ಕೋ ಎದುರಿನ ವಾಹನಕ್ಕೋ ಅಪ್ಪಳಿಸಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, 10 ಕಿಲೋ ತೂಕದ ಮಗುವನ್ನು ತಡೆದು ನಿಲ್ಲಿಸಲು ಸುಮಾರು 110 ಕಿಲೋ ಭಾರವನ್ನು ಹಿಡಿಯುವಷ್ಟು ಬಲ ಬೇಕು. ಅಂದರೆ ಎರಡು ಸಿಮೆಂಟ್ ಮೂಟೆಗಳಿಗಿಂತ ಹೆಚ್ಚು. ವೇಗ 50 ಕಿಲೋಮೀಟರ್ ಆದರೆ ಬೇಕಾಗುವ ಬಲ ಸುಮಾರು 140 ಕಿಲೋ, ಮೂರು ಮೂಟೆಗಳಿಗೆ ಸಮೀಪ. ಎಷ್ಟೇ ಗಟ್ಟಿಗರಾದರೂ ಮುನ್ಸೂಚನೆಯಿಲ್ಲದೆ, ಕಣ್ಣು ಮಿಟುಕಿಸುವ ಹೊತ್ತಿನಲ್ಲಿ, ಅಷ್ಟು ಭಾರವನ್ನು ತೋಳಿನಲ್ಲಿ ಹಿಡಿದು ನಿಲ್ಲಿಸಲಾರರು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 50 ಕಿಲೋಮೀಟರ್ ವೇಗದ ಅಪ್ಪಳಿಕೆಯು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಫಲಕ್ಕೆ ಬಂದ ತೆಂಗಿನ ಮರದ ತುದಿಯಿಂದ ಬಿದ್ದುದಕ್ಕೆ ಸಮಾನ.

ನಮ್ಮ ಭಾಗದಲ್ಲಿ ಡಿಕ್ಕಿಯೇ ಆಗಬೇಕೆಂದಿಲ್ಲ. ಹಾದಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಸಾಗುತ್ತದೆ. ಕಬ್ಬಿನ ಲಾರಿಗಳ ವಾಸನೆ ಹಿಡಿದು ಆನೆಗಳು ರಸ್ತೆಗೆ ಬರುವುದು ಇಲ್ಲಿನವರಿಗೆ ಹೊಸ ಸಂಗತಿಯಲ್ಲ. ತಿರುವಿನಾಚೆ ಆನೆಯೋ ಜಿಂಕೆಯ ಹಿಂಡೋ ಕಂಡಾಗ ಚಾಲಕನು ಒಮ್ಮೆಲೇ ಬ್ರೇಕ್ ಒತ್ತಿದರೆ, ಆಸನಗಳ ನಡುವೆ ನಿಂತಿದ್ದ ಮಗು ಮುಂದಿನ ಗಾಜಿನವರೆಗೆ ಹೋಗಿ ಬೀಳಬಲ್ಲದು. ಕಾರಿಗೆ ಒಂದು ಗೀರೂ ಬಿದ್ದಿರುವುದಿಲ್ಲ, ಮಗುವಿನ ತಲೆಗೆ ಮಾತ್ರ ಪೆಟ್ಟಾಗಿರುತ್ತದೆ.

ದೊಡ್ಡವರ ಬೆಲ್ಟ್ ಮಕ್ಕಳಿಗೆ ಏಕೆ ಒಗ್ಗದು

ಇಂದು ಎಲ್ಲ ಕಾರುಗಳಲ್ಲಿಯೂ ಕಾಣುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು 1959ರಲ್ಲಿ ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಅದು ಬಲವನ್ನು ದೇಹದ ಗಟ್ಟಿ ಎಲುಬುಗಳ ಮೇಲೆ ಹಂಚುತ್ತದೆ. ಕೆಳಪಟ್ಟಿ ಸೊಂಟದ ಎಲುಬಿನ ಮೇಲೆ, ಮೇಲುಪಟ್ಟಿ ಭುಜ ಮತ್ತು ಎದೆಗೂಡಿನ ಮೇಲೆ ಕೂರುತ್ತದೆ. ಆದರೆ ಈ ಅಳತೆಯೆಲ್ಲ ಬೆಳೆದವರದು. ಚಿಕ್ಕ ಮಗುವಿಗೆ ಅದೇ ಬೆಲ್ಟನ್ನು ಹಾಕಿದರೆ ಮೇಲುಪಟ್ಟಿ ಕುತ್ತಿಗೆಯನ್ನು ಕೊಯ್ಯುವಂತೆ ಹಾದುಹೋಗುತ್ತದೆ, ಕೆಳಪಟ್ಟಿ ಸೊಂಟದಿಂದ ಜಾರಿ ಹೊಟ್ಟೆಯ ಮೇಲೇರುತ್ತದೆ. ಅಪಘಾತವಾದಾಗ ಕರುಳು, ಯಕೃತ್ತು, ಬೆನ್ನುಹುರಿಗಳಿಗೆ ಬೆಲ್ಟಿನಿಂದಲೇ ಪೆಟ್ಟಾಗುವ ಅಪಾಯವಿದೆ.

ಹಸುಳೆಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ನವಜಾತ ಶಿಶುವಿನ ದೇಹದ ಉದ್ದದಲ್ಲಿ ತಲೆಯೇ ಸುಮಾರು ಕಾಲು ಭಾಗ. ಆ ಭಾರದ ತಲೆಯನ್ನು ಹೊತ್ತಿರುವ ಕುತ್ತಿಗೆಯ ಎಲುಬುಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕುಳಿತ ಕೂಸಿನ ಎದೆಯನ್ನು ಪಟ್ಟಿ ತಡೆದರೂ ತಲೆ ಮುಂದಕ್ಕೆ ಎಸೆಯಲ್ಪಟ್ಟು ಕುತ್ತಿಗೆ ಎಳೆಯಲ್ಪಡುತ್ತದೆ. ಇದಕ್ಕೆ ಪರಿಹಾರವನ್ನು ಕಂಡವರು ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್. ಬಾಹ್ಯಾಕಾಶ ಯಾನಿಗಳು ನೌಕೆ ಮೇಲೇರುವಾಗ ಬೆನ್ನಿನ ಮೇಲೆ ಬಲವನ್ನು ಹೊರುವಂತೆ ಒರಗಿರುವುದನ್ನು ಗಮನಿಸಿದ ಅವರು, ಮಗುವನ್ನು ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸುವ ಆಸನವನ್ನು ಕಲ್ಪಿಸಿದರು. 1964ರಲ್ಲಿ ಅದರ ಮೊದಲ ಮಾದರಿಯ ಪರೀಕ್ಷೆ ನಡೆಯಿತು. ಹೀಗೆ ಕುಳಿತಾಗ ಅಪ್ಪಳಿಕೆಯ ಬಲವು ಬೆನ್ನು, ತಲೆ, ಕುತ್ತಿಗೆಗಳೆಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಸರಿಯಾಗಿ ಅಳವಡಿಸಿ ಬಳಸಿದ ಮಕ್ಕಳ ಆಸನಗಳು ಹಸುಳೆಗಳ ಸಾವನ್ನು ಸುಮಾರು ಶೇಕಡ 70ರಷ್ಟು, ಸ್ವಲ್ಪ ದೊಡ್ಡ ಮಕ್ಕಳ ಸಾವನ್ನು ಶೇಕಡ 54ರಿಂದ 80ರವರೆಗೆ ತಗ್ಗಿಸಬಲ್ಲವು ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಆ ವಾಕ್ಯದಲ್ಲಿ ‘ಸರಿಯಾಗಿ ಅಳವಡಿಸಿ’ ಎಂಬ ಮಾತು ಬಹಳ ಮುಖ್ಯ.

ಬೆಳವಣಿಗೆಯ ನಾಲ್ಕು ಹಂತಗಳು

ಅಂಗಡಿಯವರು ‘ಮಗುವಿಗೆ ಎಷ್ಟು ವರ್ಷ’ ಎಂದು ಕೇಳುತ್ತಾರೆ. ಆಸನವನ್ನು ನಿರ್ಧರಿಸುವುದು ವಯಸ್ಸಲ್ಲ, ತೂಕ ಮತ್ತು ಎತ್ತರ. ತೂಕವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಅಂಗನವಾಡಿಯಲ್ಲಿ ಮಗುವಿನ ತೂಕವನ್ನು ನೋಡಿ ಬರೆದಿಡುತ್ತಾರೆ. ಎತ್ತರಕ್ಕಾಗಿ ಮನೆಯ ಬಾಗಿಲ ಚೌಕಟ್ಟಿನಲ್ಲಿ 135 ಮತ್ತು 145 ಸೆಂಟಿಮೀಟರಿಗೆ ಒಂದೊಂದು ಗೆರೆ ಎಳೆದಿಟ್ಟರೆ ಸಾಕು.

ಮೊದಲನೆಯ ಹಂತ, ಹಿಮ್ಮುಖ ಆಸನ. ಹುಟ್ಟಿದ ದಿನದಿಂದ, ಅಂದರೆ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲ ಪ್ರಯಾಣದಿಂದಲೇ ಇದು ಅನ್ವಯ. ವಿಶ್ವಸಂಸ್ಥೆಯ ಹೊಸ ಮಾನದಂಡವಾದ ಆರ್129ರ ಪ್ರಕಾರ ಮಗುವಿಗೆ 15 ತಿಂಗಳು ತುಂಬುವವರೆಗೆ ಹಿಮ್ಮುಖವಾಗಿಯೇ ಕೂರಿಸುವುದು ಕಡ್ಡಾಯ. 15 ತಿಂಗಳೆಂಬುದು ಕನಿಷ್ಠ ಮಿತಿಯೇ ಹೊರತು ಆಸನವನ್ನು ತಿರುಗಿಸಲೇಬೇಕಾದ ದಿನವಲ್ಲ. ಆಸನದ ತೂಕದ ಮಿತಿ ಮುಗಿಯುವವರೆಗೂ ಹಾಗೆಯೇ ಕೂರಿಸುವುದು ಉತ್ತಮ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಮಕ್ಕಳನ್ನು ಹಿಮ್ಮುಖವಾಗಿ ಕೂರಿಸುವ ರೂಢಿಯಿದೆ. ಕಾಲು ಮಡಚಿಕೊಂಡು ಕೂರಬೇಕಾಗುತ್ತದೆ ಎಂದು ಅನೇಕರು ಬೇಗ ತಿರುಗಿಸಿಬಿಡುತ್ತಾರೆ. ಮಕ್ಕಳು ಕಾಲು ಮಡಚಿ ಆರಾಮವಾಗಿಯೇ ಕೂರಬಲ್ಲರು. ಕಾಲಿಗೆ ಇಕ್ಕಟ್ಟಾದೀತೆಂದು ಕುತ್ತಿಗೆಯನ್ನು ಅಪಾಯಕ್ಕೆ ಒಡ್ಡುವುದು ಜಾಣತನವಲ್ಲ.

ಎರಡನೆಯ ಹಂತ, ಐದು ಪಟ್ಟಿಗಳ ಮುಮ್ಮುಖ ಆಸನ. ಹಿಮ್ಮುಖ ಆಸನದ ಮಿತಿಯನ್ನು ಮೀರಿ ಬೆಳೆದ ಮಗುವಿಗೆ ಇದು. ಎರಡು ಪಟ್ಟಿಗಳು ಭುಜದಿಂದ, ಎರಡು ಸೊಂಟದಿಂದ, ಒಂದು ತೊಡೆಗಳ ನಡುವಿನಿಂದ ಬಂದು ಒಂದೇ ಕೊಕ್ಕೆಯಲ್ಲಿ ಸೇರುತ್ತವೆ. ಸಾಮಾನ್ಯವಾಗಿ 18 ಕಿಲೋ ತೂಕದವರೆಗೆ ಇದನ್ನು ಬಳಸಬಹುದು. ಕೆಲವು ಆಸನಗಳಲ್ಲಿ ಮಿತಿ ಇದಕ್ಕಿಂತ ಹೆಚ್ಚಿರುತ್ತದೆ.

ಮೂರನೆಯ ಹಂತ, ಬೂಸ್ಟರ್. ಇದು ಮಗುವನ್ನು ತಾನಾಗಿ ಕಟ್ಟಿಹಾಕುವ ಸಾಧನವಲ್ಲ. ಮಗುವನ್ನು ಎತ್ತರಿಸಿ, ಕಾರಿನ ಬೆಲ್ಟು ಸರಿಯಾದ ಎಲುಬುಗಳ ಮೇಲೆ ಹಾದುಹೋಗುವಂತೆ ಮಾಡುವುದಷ್ಟೇ ಇದರ ಕೆಲಸ. ಆದುದರಿಂದ ಮೂರು ಬಿಂದುಗಳ ಬೆಲ್ಟ್ ಇಲ್ಲದ ಆಸನದ ಮೇಲೆ ಬೂಸ್ಟರ್ ಇಟ್ಟು ಪ್ರಯೋಜನವಿಲ್ಲ. 15 ಕಿಲೋದಿಂದ 36 ಕಿಲೋವರೆಗಿನ ಮಕ್ಕಳಿಗೆಂದು ಇವನ್ನು ಮಾಡಿರುತ್ತಾರೆ. ಬರಿಯ ದಿಂಬಿನಂತಿರುವ ಬೂಸ್ಟರಿಗಿಂತ ಬೆನ್ನು ಮತ್ತು ತಲೆಗೆ ಆಸರೆಯಿರುವ ಬೂಸ್ಟರ್ ಮೇಲು. ಮಗು ನಿದ್ದೆಯಲ್ಲಿ ವಾಲಿದರೂ ಬೆಲ್ಟು ತನ್ನ ಜಾಗದಲ್ಲಿ ಉಳಿಯುತ್ತದೆ, ಪಕ್ಕದಿಂದ ಬರುವ ಹೊಡೆತಕ್ಕೂ ಸ್ವಲ್ಪ ತಡೆಯಾಗುತ್ತದೆ.

ನಾಲ್ಕನೆಯ ಹಂತ, ಕಾರಿನ ಬೆಲ್ಟ್ ಮಾತ್ರ. ಎಂಟು ವರ್ಷವಾಯಿತೆಂದೋ ಶಾಲೆಯಲ್ಲಿ ಎಲ್ಲರಿಗಿಂತ ಎತ್ತರವಿದ್ದಾನೆಂದೋ ಬೂಸ್ಟರನ್ನು ತೆಗೆದಿಡಬಾರದು. ಐದು ಪರೀಕ್ಷೆಗಳಿವೆ: ಬೆನ್ನು ಪೂರ್ತಿಯಾಗಿ ಆಸನಕ್ಕೆ ಒರಗಿದಾಗ ಮೊಣಕಾಲು ಆಸನದ ಅಂಚಿನಲ್ಲಿ ಮಡಚಿಕೊಳ್ಳುವುದೇ? ಪಾದಗಳು ನೆಲಕ್ಕೆ ತಾಗುವುವೇ? ಕೆಳಪಟ್ಟಿ ಹೊಟ್ಟೆಯ ಮೇಲಲ್ಲದೆ ತೊಡೆಯ ಮೇಲ್ಭಾಗದಲ್ಲಿ ಕೂರುವುದೇ? ಮೇಲುಪಟ್ಟಿ ಕುತ್ತಿಗೆಯನ್ನು ಬಿಟ್ಟು ಭುಜದ ನಡುವೆ ಹಾಯುವುದೇ? ಪ್ರಯಾಣ ಮುಗಿಯುವವರೆಗೆ ಮಗು ಹಾಗೆಯೇ ಕುಳಿತಿರಬಲ್ಲುದೇ? ಐದಕ್ಕೂ ಹೌದೆಂಬ ಉತ್ತರ ಬಂದರೆ ಮಾತ್ರ ಬೂಸ್ಟರ್ ಬೇಡ. ಸಾಮಾನ್ಯವಾಗಿ ಮಗು 145 ಸೆಂಟಿಮೀಟರ್ ಎತ್ತರವನ್ನು ಮುಟ್ಟುವ ಹೊತ್ತಿಗೆ ಇದು ಸಾಧ್ಯವಾಗುತ್ತದೆ. ಆಮೇಲೂ 13 ವರ್ಷದವರೆಗೆ ಹಿಂದಿನ ಆಸನವೇ ಮಕ್ಕಳ ಜಾಗ.

ಕೊಳ್ಳುವ ಮುನ್ನ ನೋಡಬೇಕಾದುದು

ಮೊದಲು ಆಸನವನ್ನಲ್ಲ, ನಿಮ್ಮ ವಾಹನವನ್ನು ನೋಡಿ. ಹಿಂದಿನ ಸಾಲಿನಲ್ಲಿ ಮೂರು ಬಿಂದುಗಳ ಬೆಲ್ಟು ಇದೆಯೇ, ಅಥವಾ ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿಯೇ? ಹಳೆಯ ವ್ಯಾನುಗಳಲ್ಲಿ ಅದೂ ಇಲ್ಲದಿರಬಹುದು. ಅನಂತರ ಹಿಂದಿನ ಆಸನದ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿನಲ್ಲಿ ಬೆರಳಾಡಿಸಿ ನೋಡಿ. ಎರಡು ಗಟ್ಟಿ ಉಕ್ಕಿನ ಬಳೆಗಳು ಸಿಕ್ಕಿದರೆ ನಿಮ್ಮ ಕಾರಿನಲ್ಲಿ ಐಸೋಫಿಕ್ಸ್ ವ್ಯವಸ್ಥೆಯಿದೆ. ಬೆಲ್ಟಿನ ನೆರವಿಲ್ಲದೆ ಮಕ್ಕಳ ಆಸನವನ್ನು ಕಾರಿನ ಚೌಕಟ್ಟಿಗೇ ಸಿಕ್ಕಿಸುವ ವಿಧಾನ ಅದು. ಬೆಲ್ಟಿನಿಂದ ಬಿಗಿದ ಆಸನವೂ ಸರಿಯಾಗಿ ಬಿಗಿದರೆ ಭದ್ರವಾದುದೇ. ಐಸೋಫಿಕ್ಸ್‌ನ ಲಾಭವೆಂದರೆ ತಪ್ಪಾಗಿ ಬಿಗಿಯುವ ಸಾಧ್ಯತೆ ಕಡಿಮೆ.

ಆಸನದ ಹಿಂಬದಿಯಲ್ಲಿ ಅಂಟಿಸಿರುವ ಚೀಟಿಯನ್ನು ನೋಡಿ. ವೃತ್ತದೊಳಗೆ ಇಂಗ್ಲಿಷಿನ ದೊಡ್ಡ ‘ಇ’ ಅಕ್ಷರ, ಅದರ ಪಕ್ಕದಲ್ಲಿ ಒಂದು ಅಂಕಿ ಇದ್ದರೆ ಆ ಆಸನ ವಿಶ್ವಸಂಸ್ಥೆಯ ಮಾನದಂಡದಂತೆ ಪರೀಕ್ಷೆಗೆ ಒಳಗಾಗಿದೆ ಎಂದರ್ಥ. ಹಳೆಯ ಮಾನದಂಡ ಆರ್44, ಹೊಸದು ಆರ್129. ಭಾರತದ ಮಾನದಂಡದ ಹೆಸರು ಎಐಎಸ್-072. ಇವುಗಳಲ್ಲಿ ಯಾವುದರ ಗುರುತೂ ಇಲ್ಲದ ಆಸನ ಎಷ್ಟೇ ಮೆತ್ತಗಿದ್ದರೂ, ಎಷ್ಟೇ ಅಗ್ಗವಾಗಿದ್ದರೂ ಬೇಡ. ಮಗುವನ್ನು ಹೊತ್ತು ತಿರುಗಲು ಮಾರುವ ಪ್ಲಾಸ್ಟಿಕ್ ತೊಟ್ಟಿಲು, ಬರಿಯ ಬಟ್ಟೆಯ ಪಟ್ಟಿಗಳು, ಸ್ಪಂಜಿನ ದಿಂಬುಗಳು ಕಾರಿನ ಆಸನಗಳಲ್ಲ. ಅದೇ ಚೀಟಿಯಲ್ಲಿ ತೂಕದ ಅಥವಾ ಎತ್ತರದ ಮಿತಿಯೂ ಅಂಕಿಗಳಲ್ಲಿರುತ್ತದೆ.

ಬೆಲೆಯ ಮಾತಿಗೆ ಬಂದರೆ, ಒಂದೊಂದು ಆಸನಕ್ಕೂ ಕೆಲವು ಸಾವಿರ ರೂಪಾಯಿಗಳಾಗುತ್ತವೆ. ರಾಗಿ, ಆಲೂಗೆಡ್ಡೆ, ಕೋಸಿನ ಬೆಳೆಯನ್ನೇ ನಂಬಿರುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಎರಡು ಉಪಾಯಗಳಿವೆ. ಒಂದು, ಹಲವು ಹಂತಗಳಿಗೆ ಹೊಂದಿಕೊಳ್ಳುವ ಆಸನವನ್ನು ಕೊಳ್ಳುವುದು. ಹಿಮ್ಮುಖವಾಗಿಯೂ ಮುಮ್ಮುಖವಾಗಿಯೂ ಇಡಬಹುದಾದ ಒಂದು ಆಸನ, ಆಮೇಲೆ ಒಂದು ಬೂಸ್ಟರ್ ಇದ್ದರೆ ಬಾಲ್ಯವಿಡೀ ಸಾಗುತ್ತದೆ. ಎರಡು, ತೊಟ್ಟಿಲಿನಂತೆ ಆಸನವನ್ನೂ ಬಂಧುಬಳಗದಲ್ಲಿ ಕೈಬದಲಿಸುವುದು. ಅಕ್ಕನ ಮಗುವಿಗೆ ಬಳಸಿದ ಆಸನ ತಂಗಿಯ ಮಗುವಿಗೂ ಆದೀತು. ಆದರೆ ತೊಟ್ಟಿಲಿಗೆ ಇಲ್ಲದ ಮೂರು ನಿಬಂಧನೆಗಳು ಇದಕ್ಕಿವೆ. ಅದು ಅಪಘಾತವನ್ನು ಕಂಡಿರಬಾರದು, ಅದರ ಮೇಲೆ ಅಚ್ಚಾಗಿರುವ ಬಳಕೆಯ ಅವಧಿ ಮುಗಿದಿರಬಾರದು, ಪಟ್ಟಿ, ಕೊಕ್ಕೆ, ಸೂಚನಾ ಪುಸ್ತಿಕೆಗಳಲ್ಲಿ ಯಾವುದೂ ಕಳೆದಿರಬಾರದು. ಒಮ್ಮೆ ಅಪಘಾತಕ್ಕೆ ಸಿಕ್ಕಿದ ಆಸನದಲ್ಲಿ ಹೊರಗೆ ಕಾಣದ ಬಿರುಕುಗಳಿರಬಹುದು. ಚರಿತ್ರೆ ತಿಳಿಯದ ಹಳೆಯ ಆಸನವನ್ನು ಅಪರಿಚಿತರಿಂದ ಕೊಳ್ಳುವುದು ತರವಲ್ಲ.

ಬಿಗಿಯುವ ಬಗೆ

ಮೊದಲ ಮತ್ತು ಮೀರಲಾಗದ ನಿಯಮ: ಏರ್‌ಬ್ಯಾಗ್ ಇರುವ ಮುಂದಿನ ಆಸನದಲ್ಲಿ ಹಿಮ್ಮುಖ ಆಸನವನ್ನು ಎಂದಿಗೂ ಇಡಬಾರದು. ಹೊಸ ಕಾರುಗಳಲ್ಲಿ ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಇರುತ್ತದೆ. ದೊಡ್ಡವರನ್ನು ಉಳಿಸುವ ಆ ಚೀಲ ಕ್ಷಣದೊಳಗೆ ಸಿಡಿದು ಉಬ್ಬಿದಾಗ, ಅದರ ಹೊಡೆತ ನೇರವಾಗಿ ಮಗುವಿನ ತಲೆಯ ಹಿಂದಿರುವ ಆಸನಕ್ಕೆ ಬೀಳುತ್ತದೆ. ಬಿಸಿಲು ತಡೆಯುವ ಮಡಚು ಹಲಗೆಯ ಮೇಲಿನ ಎಚ್ಚರಿಕೆಯ ಚಿತ್ರ ಇದನ್ನೇ ಹೇಳುತ್ತದೆ.

ಕಾರಿನ ಬೆಲ್ಟಿನಿಂದ ಆಸನವನ್ನು ಬಿಗಿಯುವಾಗ ಬೆಲ್ಟು ಯಾವ ದಾರಿಯಲ್ಲಿ ಹಾಯಬೇಕೆಂಬುದಕ್ಕೆ ಆಸನದ ಮೇಲೆಯೇ ಬಣ್ಣದ ಗುರುತುಗಳಿರುತ್ತವೆ. ಆರ್44 ಆಸನಗಳಲ್ಲಿ ಹಿಮ್ಮುಖವಾಗಿ ಇಡುವಾಗ ನೀಲಿ ಗುರುತಿನ ದಾರಿ, ಮುಮ್ಮುಖವಾಗಿ ಇಡುವಾಗ ಕೆಂಪು ಗುರುತಿನ ದಾರಿ. ಬಣ್ಣಕ್ಕೆ ಭಾಷೆ ಬೇಕಿಲ್ಲ. ಬೆಲ್ಟನ್ನು ಹಾಯಿಸಿ ಕೊಕ್ಕೆ ಹಾಕಿದ ಮೇಲೆ ಆಸನದ ಮೇಲೆ ಮೊಣಕಾಲೂರಿ ಚೆನ್ನಾಗಿ ಒತ್ತಿ, ಬೆಲ್ಟಿನ ಸಡಿಲವನ್ನೆಲ್ಲ ಎಳೆದು ತೆಗೆಯಬೇಕು. ಎಲ್ಲಿಯೂ ಬೆಲ್ಟು ತಿರುಚಿರಬಾರದು. ಅನಂತರ ಬೆಲ್ಟು ಹಾದಿರುವ ಜಾಗದಲ್ಲಿ ಆಸನವನ್ನು ಹಿಡಿದು ಅತ್ತಿತ್ತ ಅಲುಗಾಡಿಸಿ ನೋಡಿ. ಎರಡೂವರೆ ಸೆಂಟಿಮೀಟರಿಗಿಂತ, ಅಂದರೆ ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಾಡಿದರೆ ಮತ್ತೆ ಬಿಗಿಯಬೇಕು. ಐಸೋಫಿಕ್ಸ್ ಆಸನವಾದರೆ ಎರಡೂ ಕಡೆ ‘ಟಕ್’ ಎಂಬ ಸದ್ದು ಕೇಳಬೇಕು, ಸೂಚಕವು ಕೆಂಪಿನಿಂದ ಹಸಿರಿಗೆ ತಿರುಗಬೇಕು. ಅದರೊಂದಿಗೆ ಮೇಲಿನ ಹಗ್ಗಪಟ್ಟಿಯೋ ನೆಲಕ್ಕೂರುವ ಕಾಲೋ ಇದ್ದರೆ ಅದನ್ನೂ ಬಿಗಿಯಲೇಬೇಕು. ಅವು ಅಲಂಕಾರಕ್ಕಾಗಿ ಇರುವುವಲ್ಲ, ಆಸನ ಮುಂದಕ್ಕೆ ಮಗುಚದಂತೆ ತಡೆಯುವುವು.

ಆಸನ ಗಟ್ಟಿಯಾಯಿತು, ಇನ್ನು ಮಗು. ಹಿಮ್ಮುಖ ಆಸನದಲ್ಲಿ ಭುಜದ ಪಟ್ಟಿಗಳು ಮಗುವಿನ ಭುಜದ ಮಟ್ಟದಿಂದಲೋ ಸ್ವಲ್ಪ ಕೆಳಗಿನಿಂದಲೋ ಹೊರಬರಬೇಕು. ಮುಮ್ಮುಖ ಆಸನದಲ್ಲಿ ಭುಜದ ಮಟ್ಟದಿಂದಲೋ ಸ್ವಲ್ಪ ಮೇಲಿನಿಂದಲೋ ಬರಬೇಕು. ಪಟ್ಟಿಯನ್ನು ಬಿಗಿದ ಮೇಲೆ ಭುಜದ ಬಳಿ ಎರಡು ಬೆರಳುಗಳಿಂದ ಚಿವುಟಿ ನೋಡಿ. ಪಟ್ಟಿಯ ಮಡಿಕೆ ಬೆರಳಿಗೆ ಸಿಕ್ಕಿದರೆ ಇನ್ನೂ ಸಡಿಲವಿದೆ. ಹಸುಳೆಯ ಆಸನ ತುಸು ಹಿಂದಕ್ಕೆ ಒರಗಿರಬೇಕು. ನೆಟ್ಟಗಿದ್ದರೆ ನಿದ್ದೆಯಲ್ಲಿ ಗಲ್ಲ ಎದೆಗೆ ತಾಗಿ ಉಸಿರಿಗೆ ಅಡ್ಡಿಯಾಗಬಹುದು. ತಿಂಗಳು ತುಂಬದೆ ಹುಟ್ಟಿದ ಶಿಶುಗಳ ವಿಚಾರದಲ್ಲಿ ಪ್ರಯಾಣಕ್ಕೆ ಮುನ್ನ ವೈದ್ಯರನ್ನು ಕೇಳುವುದು ಒಳಿತು.

ಘಟ್ಟದ ಹಾದಿಯ ಎರಡು ಮಾತು

ನಮ್ಮ ಬೆಟ್ಟದ ಚಳಿ ಬಯಲಿನವರಿಗೆ ತಿಳಿಯದು. ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನಲ್ಲಿ ಮಗುವಿಗೆ ದಪ್ಪ ಸ್ವೆಟರನ್ನೋ ಕೋಟನ್ನೋ ತೊಡಿಸಿಯೇ ಕಾರು ಹತ್ತಿಸುತ್ತೇವೆ. ಅದರ ಮೇಲೆ ಪಟ್ಟಿ ಬಿಗಿದರೆ ಬಿಗಿಯಾಗಿಯೇ ಕಾಣುತ್ತದೆ. ಅಪ್ಪಳಿಕೆಯಾದಾಗ ಉಣ್ಣೆಯೆಲ್ಲ ಅದುಮಿ, ಪಟ್ಟಿಗೂ ಮೈಗೂ ನಡುವೆ ಸಡಿಲ ಉಂಟಾಗಿ, ಮಗು ಪಟ್ಟಿಯಿಂದ ಜಾರಿಬಿಡಬಹುದು. ತೆಳುವಾದ ಅಂಗಿಯ ಮೇಲೆ ಪಟ್ಟಿಯನ್ನು ಬಿಗಿದು, ಅನಂತರ ಮೇಲೆ ಕಂಬಳಿಯನ್ನು ಹೊದಿಸುವುದು ಸರಿಯಾದ ಕ್ರಮ. ಬಣ್ಣಾರಿಗೆ ಇಳಿದು ಬಿಸಿಲು ತಾಗಿದಾಗ ಕಂಬಳಿಯನ್ನು ಮಾತ್ರ ತೆಗೆದರಾಯಿತು.

ಎರಡನೆಯದು, ಅಳು ಮತ್ತು ವಾಂತಿ. ತಿರುವುಗಳಲ್ಲಿ ಮಗುವಿಗೆ ಹೊಟ್ಟೆ ತೊಳಸುತ್ತದೆ, ಅದು ಅಳುತ್ತದೆ, ತಾಯಿಯ ಜೀವ ತಡೆಯದೆ ಪಟ್ಟಿಯನ್ನು ಬಿಚ್ಚಿ ಎತ್ತಿಕೊಳ್ಳುತ್ತಾಳೆ. ಅಪಾಯ ಹೆಚ್ಚಿರುವ ಘಳಿಗೆ ಅದೇ. ಕಾಡಿನ ನಡುವೆ ವಾಹನವನ್ನು ನಿಲ್ಲಿಸುವಂತೆಯೂ ಇಲ್ಲ. ಆದುದರಿಂದ ಎತ್ತಿಕೊಳ್ಳುವ, ಹಾಲೂಡಿಸುವ, ಬಟ್ಟೆ ಬದಲಿಸುವ ಕೆಲಸಗಳಿಗೆಲ್ಲ ಘಟ್ಟದ ಮೇಲೆ ಹಾಸನೂರು, ಕೆಳಗೆ ಬಣ್ಣಾರಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಇಳಿಯುವ ಮುನ್ನ ಹೊಟ್ಟೆ ಬಿರಿಯ ತಿನ್ನಿಸಬಾರದು. ಒಬ್ಬರು ಹಿರಿಯರು ಹಿಂದೆ ಮಗುವಿನ ಪಕ್ಕದಲ್ಲಿ, ತಾವೂ ಬೆಲ್ಟ್ ಕಟ್ಟಿಕೊಂಡು, ಕೈಯಲ್ಲೊಂದು ವಸ್ತ್ರ ಹಿಡಿದು ಕುಳಿತಿರಲಿ. ಚಾಲಕ ನಿಧಾನವಾಗಿ ತಿರುಗಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ದೂರದ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆಯಾದರೂ ಕೂಸನ್ನು ಆಸನದಿಂದ ಎತ್ತಿ ಮೈಚಾಚಲು ಬಿಡಬೇಕು.

ಆಸನವಿಲ್ಲದ ವಾಹನಗಳಲ್ಲಿ

ಎಲ್ಲರ ಮನೆಯಲ್ಲೂ ಕಾರಿಲ್ಲ. ಬಾಡಿಗೆ ವ್ಯಾನು, ಜೀಪು, ಬೈಕುಗಳೇ ಅನೇಕರ ಆಧಾರ. ಅಂಥಲ್ಲಿ ಪೂರ್ಣ ರಕ್ಷಣೆ ಸಾಧ್ಯವಿಲ್ಲದಿದ್ದರೂ ಅಪಾಯವನ್ನು ತಗ್ಗಿಸಬಹುದು. ಮಗು ಹಿಂದಿನ ಸಾಲಿನಲ್ಲಿರಲಿ. ಬೆಲ್ಟಿರುವ ಜಾಗವನ್ನು ಮೊದಲು ಮಕ್ಕಳಿಗೆ ಕೊಡಿ. ಒಂದೇ ಬೆಲ್ಟಿನೊಳಗೆ ಇಬ್ಬರು ಮಕ್ಕಳನ್ನು ಕಟ್ಟಬೇಡಿ. ಮಡಿಲಲ್ಲಿ ಮಗುವನ್ನು ಇಟ್ಟುಕೊಂಡು ಇಬ್ಬರನ್ನೂ ಸೇರಿಸಿ ಬೆಲ್ಟು ಹಾಕುವುದಂತೂ ಕೂಡದು. ಅಪ್ಪಳಿಕೆಯಲ್ಲಿ ದೊಡ್ಡವರ ಮೈಭಾರವೆಲ್ಲ ಮಗುವಿನ ಮೇಲೆ ಬಿದ್ದು, ಬೆಲ್ಟಿಗೂ ಮೈಗೂ ನಡುವೆ ಅದು ನಜ್ಜಾಗುತ್ತದೆ. ಸಾಮಾನು ಇಡುವ ಹಿಂಬದಿಯಲ್ಲಿ ಅಥವಾ ಪಕ್ಕಕ್ಕೆ ಮುಖ ಮಾಡಿದ ಬೆಂಚುಗಳಲ್ಲಿ ಚಿಕ್ಕ ಮಕ್ಕಳನ್ನು ತುಂಬಬಾರದು. ಮೂರು ಬಿಂದುಗಳ ಬೆಲ್ಟಿರುವ ಬಾಡಿಗೆ ಕಾರಾದರೆ ಮನೆಯ ಬೂಸ್ಟರನ್ನು ಜೊತೆಗೆ ಒಯ್ಯಬಹುದು. ಅದು ಒಂದು ಕೈಚೀಲದಷ್ಟೇ ಭಾರ.

ಬೈಕಿನ ವಿಚಾರದಲ್ಲಿ ಕೇಂದ್ರ ಸರ್ಕಾರ 2022ರ ಫೆಬ್ರವರಿ 15ರಂದು ನಿಯಮವನ್ನು ಪ್ರಕಟಿಸಿತು. ಒಂದು ವರ್ಷದ ಬಳಿಕ ಜಾರಿಗೆ ಬರುವಂತೆ ರೂಪಿಸಿದ ಆ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನು ಚಾಲಕನ ಮೈಗೆ ಸುರಕ್ಷತಾ ಪಟ್ಟಿಯಿಂದ ಬಿಗಿದಿರಬೇಕು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಅದರ ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರನ್ನು ಮೀರಬಾರದು. ನಾಲ್ಕು ವರ್ಷ ಮೀರಿದವರಿಗೆ ಹೆಲ್ಮೆಟ್ ಮೊದಲಿನಿಂದಲೂ ಕಡ್ಡಾಯ. ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸುವ ರೂಢಿಯನ್ನು ಇನ್ನಾದರೂ ಬಿಡಬೇಕು.

ಗಡಿಯ ಎರಡು ಕಡೆಯೂ ಒಂದೇ ಕಾನೂನು

ಚಾಮರಾಜನಗರದ ಕಡೆಗೆ ಹೋದರೆ ಕರ್ನಾಟಕ, ಸತ್ಯಮಂಗಲದ ಕಡೆಗೆ ಇಳಿದರೆ ತಮಿಳುನಾಡು. ಆದರೆ ಮೋಟಾರು ವಾಹನ ಕಾಯ್ದೆ ಕೇಂದ್ರದ್ದು. 2019ರಲ್ಲಿ ತಿದ್ದುಪಡಿಯಾಗಿ ಅದೇ ವರ್ಷದ ಸೆಪ್ಟೆಂಬರ್ 1ರಂದು ಜಾರಿಗೆ ಬಂದ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದೆ ವಾಹನವನ್ನು ಚಲಾಯಿಸಿದರೆ 1,000 ರೂಪಾಯಿ ದಂಡ. ಹೊಣೆ ಚಾಲಕನದು. ತನಿಖಾ ಠಾಣೆಯಲ್ಲಿ ಯಾವ ಭಾಷೆಯಲ್ಲಿ ಪ್ರಶ್ನಿಸಿದರೂ ಉತ್ತರ ಒಂದೇ ಆಗಿರಬೇಕು.

ಹಿಂದಿನ ಆಸನದಲ್ಲಿ ಬೆಲ್ಟ್ ಏಕೆ ಎಂಬ ಉದಾಸೀನ ದೇಶದಲ್ಲೆಲ್ಲ ಇತ್ತು. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಕಾರು ಅಪಘಾತದಲ್ಲಿ ಸಾವಿಗೀಡಾದಾಗ, ಹಿಂದಿನ ಆಸನದಲ್ಲಿದ್ದ ಅವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಕಾರು ಎಷ್ಟು ದುಬಾರಿಯದಾದರೂ ಕಟ್ಟಿಕೊಳ್ಳದ ಪಟ್ಟಿ ಯಾರನ್ನೂ ಕಾಯದು. ಹೊಸ ಕಾರು ಕೊಳ್ಳುವವರಿಗೆ ಇನ್ನೊಂದು ಅನುಕೂಲ ಒದಗಿದೆ. 2023ರ ಅಕ್ಟೋಬರ್ 1ರಿಂದ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಬೇರೆ ಬೇರೆ ನಕ್ಷತ್ರಗಳನ್ನು ಕೊಡಲಾಗುತ್ತದೆ. ಮೈಲೇಜನ್ನು ಕೇಳುವಂತೆಯೇ ಮಕ್ಕಳ ರಕ್ಷಣೆಗೆ ಎಷ್ಟು ನಕ್ಷತ್ರವೆಂದೂ ಅಂಗಡಿಯಲ್ಲಿ ಕೇಳಬೇಕು.

ಹೊರಡುವ ಮುನ್ನ ಒಂದು ನಿಮಿಷ

ಮಗು ಮೊದಮೊದಲು ಆಸನದಲ್ಲಿ ಕೂರಲು ಒಪ್ಪದಿರಬಹುದು. ಕಾರು ನಿಂತಿರುವಾಗ ಮನೆಯಂಗಳದಲ್ಲಿಯೇ ನಾಲ್ಕು ದಿನ ಕೂರಿಸಿ ಆಡಿಸಿದರೆ, ಆಮೇಲೆ ತಾಳವಾಡಿಯ ಪೇಟೆಯವರೆಗೆ ಹೋಗಿಬಂದರೆ, ರೂಢಿಯಾಗುತ್ತದೆ. ಒಂದು ನಿಯಮ ಮಾತ್ರ ಸಡಿಲಾಗಬಾರದು: ಎಲ್ಲರ ಪಟ್ಟಿಯೂ ಬಿಗಿಯಾಗುವವರೆಗೆ ಗಾಡಿ ಹೊರಡುವುದಿಲ್ಲ. ಅಪ್ಪ ಮೊದಲು ತನ್ನ ಬೆಲ್ಟನ್ನು ಕಟ್ಟಿಕೊಂಡರೆ ಮಕ್ಕಳು ಅದನ್ನೇ ಕಲಿಯುತ್ತಾರೆ.

ಹತ್ತಿರದ ಊರಲ್ಲವೇ, ಹತ್ತು ನಿಮಿಷದ ಹಾದಿಯಲ್ಲವೇ ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಆನೆ ಹಾದಿಗೆ ಬರುವಾಗ ಪ್ರಯಾಣ ಎಷ್ಟು ದೂರದ್ದೆಂದು ನೋಡುವುದಿಲ್ಲ. ಆದುದರಿಂದ ಜೀರಹಳ್ಳಿಯಿಂದ ಹೊರಡುವ ಮುನ್ನ ಒಂದು ನಿಮಿಷ ನಿಂತು ಮೂರು ಸಲ ಮುಟ್ಟಿ ನೋಡಿ: ಆಸನ ಅಲುಗಾಡುವುದೇ, ಪಟ್ಟಿ ಬೆರಳಿಗೆ ಸಿಗುವುದೇ, ಕೊಕ್ಕೆ ಕೂತಿದೆಯೇ. ಆಸನ ಅಲುಗದೆ, ಪಟ್ಟಿ ಬೆರಳಿಗೆ ಸಿಗದೆ, ಕೊಕ್ಕೆ ಗಟ್ಟಿಯಾಗಿ ಕೂತಿದ್ದರೆ ಗಾಡಿ ಹೊರಡಲಿ. ಮಗುವನ್ನು ಮಡಿಲಿಗೆ ಎತ್ತಿಕೊಳ್ಳಲು ಊರು ಸೇರಿದ ಮೇಲೆ ಬೇಕಾದಷ್ಟು ಹೊತ್ತಿರುತ್ತದೆ.